ಮೊದಲ ಕಿಚ್ಚಿನ ಮನೆ

ಅರಳಿಹುಂಡಿಯ ಪುಟ್ಟಸ್ವಾಮಿಯ ಮನೆಯಲ್ಲಿ ಬೆಳಗಾಯಿತೆಂದು ತಿಳಿಯುವುದು ಕೋಳಿ ಕೂಗಿದ್ದರಿಂದಲ್ಲ, ಮುದ್ದಮ್ಮ ಕೊಟ್ಟಿಗೆಯಲ್ಲಿ ಬಾಯಿ ಬಿಟ್ಟದ್ದರಿಂದ. ಐವತ್ತೆಂಟು ದಾಟಿದ ಆ ಹೆಂಗಸು ಮನೆಯೊಳಗೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕೊಟ್ಟಿಗೆಗೆ ಕಾಲಿಟ್ಟಳೋ, ಬಾಯಿಗೆ ಬೀಗವೇ ಇಲ್ಲ. ಸಗಣಿ ಬಾಚುತ್ತ ಬೈಯುತ್ತಾಳೆ, ಬೂಸ ಕಲಸುತ್ತ ಮುದ್ದು ಮಾಡುತ್ತಾಳೆ, ಸೊಸೆಯ ಮೇಲಿನ ಸಣ್ಣಪುಟ್ಟ ದೂರುಗಳನ್ನೂ ದನಗಳಿಗೆ ಹೇಳಿ ಮುಗಿಸಿಬಿಡುತ್ತಾಳೆ. ಸೊಸೆ ತೇಜಸ್ವಿನಿಗೂ ಇದು ಗೊತ್ತು. ಅತ್ತೆಗೆ ತನ್ನ ಮೇಲೆ ಏನು ಸಿಟ್ಟೆಂದು ತಿಳಿಯಬೇಕಾದಾಗ ಅವಳು ಹಾಲಿನ ಕ್ಯಾನು ತೊಳೆಯುವ ನೆಪದಲ್ಲಿ ಕೊಟ್ಟಿಗೆಯ ಗೋಡೆ ಪಕ್ಕ ನಿಲ್ಲುತ್ತಾಳೆ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ, ನಾಲೆ ದಾಟಿದರೆ ಸಿಗುವ ಊರು ಅದು. ನೂರಿಪ್ಪತ್ತು ಮನೆ, ಒಂದು ಮಾರಮ್ಮನ ಗುಡಿ, ಹೆಂಗಸರೇ ನಡೆಸುವ ಒಂದು ಹಾಲಿನ ಡೇರಿ. ಆ ಡೇರಿಯ ಕಾರ್ಯದರ್ಶಿ ತೇಜಸ್ವಿನಿ. ಅವಳ ಗಂಡ ಮಹದೇವ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಕೊಟ್ಟಿಗೆಯಲ್ಲಿ ಈಗ ಇರುವುದು ಒಂದು ಮುದಿ ಎಮ್ಮೆ ಮತ್ತು ಒಂದು ಸೀಮೆ ಕಡಸು. ಕಡಸಿನ ಹಣೆಯಲ್ಲಿ ಬಿಳಿಯ ಮಚ್ಚೆ ಇದ್ದುದರಿಂದ ಹೆಸರು ಚುಕ್ಕಿ. ಚೊಚ್ಚಲ ಗಬ್ಬ, ಏಳನೆಯ ತಿಂಗಳು. ಮನೆಯವರ ಆಸೆಯೆಲ್ಲ ಅದರ ಹೊಟ್ಟೆಯ ಮೇಲೆ.

ಸಂಕ್ರಾಂತಿಗೆ ಇನ್ನೂ ಮೂರು ವಾರವಿತ್ತು. ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಪುಟ್ಟಸ್ವಾಮಿ ಅಲ್ಲಿಂದಲೇ ಕೂಗಿದ.

"ಲೇ, ಚುಕ್ಕಿ ಕೊಂಬ್ಗ ಯಾವ ಬಣ್ಣ ತರ್ಲಿ? ನಂಜನಗೂಡ್ಗ ಓಯ್ತಾ ಇವ್ನಿ."

ಬೂಸ ಕಲಸುತ್ತಿದ್ದ ಮುದ್ದಮ್ಮನ ಕೈ ಬಕೆಟ್ಟಿನಲ್ಲೇ ನಿಂತಿತು.

"ಅದಕ್ಯಾಕ ಬಣ್ಣ? ಗಬ್ಬದ ಅಸ."

"ಗಬ್ಬ ಆದ್ರೇನು? ಕಿಚ್ಚಾಯೋದು ಯಾರು ಮತ್ತ? ನಾನಾ?" ಎಂದು ಅವನು ನಕ್ಕ. ತನ್ನ ಮಾತು ತನಗೇ ಚೆನ್ನಾಗಿದೆ ಎನ್ನಿಸಿ ಇನ್ನೊಮ್ಮೆ ನಕ್ಕು ಬಸ್ಸಿಗೆ ಹೊರಟ.

ಮುದ್ದಮ್ಮನಿಗೆ ಅಂದು ತಿಂಡಿ ಸೇರಲಿಲ್ಲ.

ಕಿಚ್ಚು ಹಾಯಿಸುವುದು ನಮ್ಮ ಕಡೆಯ ಹಬ್ಬ. ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಇಟ್ಟು, ಅದರ ಮೇಲೆ ಅವುಗಳನ್ನು ಓಡಿಸುತ್ತಾರೆ. ನೋಡುವವರಿಗೆ ಬಲು ಸೊಗಸು. ಓಡುವವರನ್ನು ಯಾರೂ ಕೇಳಿಲ್ಲ. ಅರಳಿಹುಂಡಿಯಲ್ಲಿ ಇದಕ್ಕೊಂದು ಕಟ್ಟಳೆ: ಎಲ್ಲರಿಗಿಂತ ಮೊದಲು ಕಿಚ್ಚು ದಾಟಬೇಕಾದದ್ದು ಪುಟ್ಟಸ್ವಾಮಿಯ ಮನೆಯ ದನ. ಅವನ ತಾತನ ಕಾಲದಲ್ಲಿ ಆ ಮನೆಯ ಜೋಡಿ ಎತ್ತು ನೋಡಲು ಆಚೆ ಊರಿನವರು ಬರುತ್ತಿದ್ದರಂತೆ. ಆಗ ಬಂದ ಮರ್ಯಾದೆ ಅದು. ಆಮೇಲೆ ಟಿಲ್ಲರ್ ಬಂತು. ಎತ್ತು ಹೋದವು, ನೇಗಿಲು ಅಟ್ಟ ಸೇರಿತು, ಗಾಡಿಯ ಚಕ್ರ ಹಿತ್ತಲಲ್ಲಿ ಸೌತೆಯ ಬಳ್ಳಿಗೆ ಆಸರೆಯಾಯಿತು. ಮೊದಲ ಕಿಚ್ಚು ಮಾತ್ರ ಹೋಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ ಎತ್ತಿಲ್ಲದ ಕೊಟ್ಟಿಗೆಯಿಂದ ಹಾಲು ಕೊಡುವ ಹಸುವನ್ನು ಹಿಡಿದು ತಂದು ಬೆಂಕಿಯ ಮುಂದೆ ನಿಲ್ಲಿಸಿದರು.

ಎತ್ತಿಗೂ ಅದು ಹಿಂಸೆಯೇ. ಆದರೆ ಎತ್ತು ಹೆದರಿದರೆ ನೆಗೆಯುತ್ತದೆ, ಅದರ ಕಾಲೇ ಅದನ್ನು ಕಾಯುತ್ತದೆ. ಹಗಲೆಲ್ಲ ಕಟ್ಟಿಹಾಕಿಸಿಕೊಂಡು ಬೆಳೆದ ಸೀಮೆ ಹಸು, ಹಿಂಗಾಲ ನಡುವೆ ತುಂಬಿದ ಕೆಚ್ಚಲು ಹೊತ್ತುಕೊಂಡು ಎಲ್ಲಿ ನೆಗೆದೀತು? ಅದು ನಿಂತುಬಿಡುತ್ತದೆ. ಅದಕ್ಕೆ ಗಂಡಸರು ಒಂದು ಉಪಾಯ ಹುಡುಕಿದರು. ದಿನಾ ಮೇವು ಹಾಕುವ ಹೆಂಗಸನ್ನು ಬೂಸದ ಬಕೆಟ್ಟಿನ ಸಮೇತ ಬೆಂಕಿಯ ಆಚೆ ಬದಿಗೆ ನಿಲ್ಲಿಸಿ, ಅವಳ ಕೈಲಿ ಕರೆಸುವುದು. ಮೊದಲ ವರ್ಷ ಆ ಉಪಾಯ ಫಲಿಸಿತು. ಹೋದ ವರ್ಷ ಫಲಿಸಲಿಲ್ಲ.

ಹೋದ ವರ್ಷ ಮುದ್ದಮ್ಮ ಆಚೆ ನಿಂತು "ಬಾ ಕೆಂಪೀ, ಬಾ ನನ್ನವ್ವ" ಎಂದು ಕರೆದಿದ್ದಳು. ಕೆಂಪಿ ಅಂದರೆ ಚುಕ್ಕಿಯ ತಾಯಿ. ಉರಿಯ ಮುಂದೆ ಒಂದು ಗಳಿಗೆ ಮೂಗರಳಿಸಿ ನಿಂತದ್ದು, ಆಚೆಯಿಂದ ಬಂದ ದನಿಗೆ ಕಿವಿ ನಿಮಿರಿಸಿ ಕಾಲು ಮುಂದಿಟ್ಟೇಬಿಟ್ಟಿತು. ನಡುವೆ ಹೋದಮೇಲೆ ಬಿಸಿ ತಾಕಿತು, ನಿಂತಿತು. ಹಿಂದಕ್ಕೆ ತಿರುಗಿದರೆ ದೊಣ್ಣೆ ಹಿಡಿದ ಗಂಡಸರು. ಮುದ್ದಮ್ಮ ಏನು ಮಾಡಬೇಕೆಂದು ತೋಚದೆ ಇನ್ನೂ ಜೋರಾಗಿ ಕರೆದಳು. ಅದು ಅವಳ ಕಡೆಗೇ ನಡೆದು ಬಂತು, ಓಡಲಿಲ್ಲ, ನಡೆದೇ ಬಂತು. ಬಂದು ಬಕೆಟ್ಟಿಗೆ ಬಾಯಿ ಹಾಕದೆ ಅವಳ ಸೆರಗಿಗೆ ಮೂತಿ ಒತ್ತಿ ನಡುಗಿತು. ಆಗ ಅವಳು ಬಗ್ಗಿ ನೋಡಿದಳು. ಕೆಚ್ಚಲು ಬೆಂದಿತ್ತು.

ನಾಚಿಕೆಯಿಂದ ತಡಮಾಡಿ ಪುಟ್ಟಸ್ವಾಮಿ ಡಾಕ್ಟರನ್ನು ಕರೆಸಿದ್ದು ನಾಲ್ಕನೆಯ ದಿನ. ಅಷ್ಟರಲ್ಲಿ ಕೆಚ್ಚಲುಬಾವು ಏರಿ ಎರಡು ಮೊಲೆ ಕಲ್ಲಾಗಿದ್ದವು. ಯುಗಾದಿ ಕಳೆದ ಮೇಲೆ ಅದನ್ನು ಸಂತೆಗೆ ಹೊಡೆದುಕೊಂಡು ಹೋದ. ಯಾರಿಗೆ ಮಾರಿದಿರಿ ಎಂದು ಮುದ್ದಮ್ಮ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ. ಊರಿನವರು ಮಾತ್ರ ತೀರ್ಪು ಕೊಟ್ಟರು: "ಎಂಗಸು ಎದೆ ಗಟ್ಟಿ ಮಾಡ್ಕಂಡು ಕರೀಬೇಕಾಗಿತ್ತು. ಅಳ್ತಾ ಕರುದ್ರ ದನ ಎದರದೇ ಇದ್ದದಾ?" ಬೆಂಕಿ ಇಟ್ಟವರದು ತಪ್ಪಲ್ಲ, ಕರೆದವಳದು ತಪ್ಪು! ಅವಳೂ ಅದನ್ನೇ ನಂಬಿಕೊಂಡು ಒಂದು ವರ್ಷ ಒಳಗೊಳಗೇ ಬೆಂದಿದ್ದಳು.

ಈಗ ಮತ್ತೆ ಬಣ್ಣ ತರಲು ಗಂಡ ನಂಜನಗೂಡಿಗೆ ಹೋಗಿದ್ದ.

"ನಿಮ್ಮವ್ವನ್ನ ನಾನೇ ಕರ್ದು ಕೊಂದಿ. ಈಗ ನಿನ್ನ ಕರಿ ಅಂತಾರ ಕಣವ್ವ. ಏನ್ ಮಾಡ್ಲಿ ನಾನು?" ಎಂದು ಅವಳು ಚುಕ್ಕಿಯ ಕುತ್ತಿಗೆಗೆ ಮುಖವಿಟ್ಟು ಕೇಳುತ್ತಿದ್ದುದು ಗೋಡೆಯಾಚೆ ಕ್ಯಾನು ತೊಳೆಯುತ್ತಿದ್ದ ಸೊಸೆಯ ಕಿವಿಗೆ ಬಿತ್ತು. ಈ ಸಲ ನೆಪಕ್ಕೆ ನಿಂತವಳಲ್ಲ ಅವಳು. ಕೈ ಒರೆಸಿಕೊಂಡು ನೇರ ಒಳಗೆ ಬಂದಳು.

"ಅತ್ತೆ, ನಾಳೆ ಡಾಕ್ಟರಮ್ಮನ್ನ ಕರೆಸ್ತೀನಿ. ಮಾವಂಗೆ ಅವರ ಬಾಯಿಂದಾನೇ ಹೇಳ್ಸೋಣ."

"ಬ್ಯಾಡ ಕಣವ್ವ. ನಾ ಏಳ್ಕೊಟ್ಟಿ ಅಂತಾರ."

"ಅನ್ನಲಿ ಬಿಡಿ. ಗಬ್ಬದ ಹಸೂನ ಡಾಕ್ಟ್ರು ನೋಡೋದು ತಪ್ಪಾ?"

ಮರುದಿನ ಪಶು ಡಾಕ್ಟರ್ ಸುಚೇತಾ ಸ್ಕೂಟರಿನಲ್ಲಿ ಬಂದರು. ಮೂವತ್ತೈದರ ಆಸುಪಾಸಿನ, ಮಾತಿಗಿಂತ ಕೈ ಹೆಚ್ಚು ಓಡಿಸುವ ಹೆಣ್ಣುಮಗಳು. ಚುಕ್ಕಿಯನ್ನು ಪರೀಕ್ಷಿಸಿ, ಕೈ ತೊಳೆದು, ಜಗಲಿಯ ಅಂಚಿನಲ್ಲಿ ಕೂತರು.

"ಯಜಮಾನ್ರೇ, ಕರು ಚೆನ್ನಾಗಿದೆ. ಇನ್ನು ಮುಂದೆ ಇದನ್ನ ಓಡಿಸಬೇಡಿ, ಹೆದರಿಸಬೇಡಿ. ಕಿಚ್ಚು ಹಾಯಿಸೋ ಯೋಚನೆ ಇದ್ದರೆ ಬಿಟ್ಟುಬಿಡಿ. ಗಾಬರಿಗೇ ತಿಂಗಳು ತುಂಬೋ ಮೊದಲೇ ಕಂದು ಹಾಕಿಬಿಡಬಹುದು."

"ಅದೆಂಗ ಬುಡಾಕಾದದು ಡಾಕ್ಟ್ರಮ್ಮ? ತಾತನ ಕಾಲ್ದಿಂದ ಬಂದಿರೋದು. ಉರಿ ಮೈಗ ತಾಕುದ್ರ ಉಣ್ಣಿ ಉದುರ್ತವ, ರೋಗ ಸುಟ್ಟೋಯ್ತವ. ನಿಮ್ಮ ಸೂಜಿ ಬರೋ ಮುಂಚ ದನ ಬದುಕಿರ್ನಿಲ್ವಾ?"

"ಉಣ್ಣಿ ಕಚ್ಚಿಕೊಂಡಿರೋದು ಕಿವಿ ಒಳಗೆ, ಕೆಚ್ಚಲ ಸಂದಿಯಲ್ಲಿ. ಅದು ಉದುರೋ ಅಷ್ಟು ಬೆಂಕಿ ತಾಗಿದರೆ ಮೊದಲು ಚರ್ಮ ಉದುರುತ್ತೆ. ಉಣ್ಣಿಗೆ ಔಷಧಿ ಇದೆ, ನೀರಲ್ಲಿ ಕಲಸಿ ಮೈ ಒರೆಸಿದರೆ ಆಯ್ತು."

"ಕೊರೊನಾ ಬಂದಾಗ ಕಿಚ್ಚು ಬುಟ್ವಿ. ಅದ್ರಿಂದ್ಲೇಯ ಚರ್ಮಗಂಟು ರೋಗ ಬಂತು. ಊರಲ್ಲಿ ಏಳು ದನ ಸತ್ವು. ಅದ್ಕೇನಂದೀರಿ?"

"ಆಚೆ ಊರಲ್ಲಿ ಕಿಚ್ಚು ಬಿಟ್ಟಿರಲಿಲ್ಲವಲ್ಲ. ಅಲ್ಲಿ ಬರಲಿಲ್ವಾ ರೋಗ? ಸೊಳ್ಳೆ ನೊಣ ಹೊತ್ತು ತರೋ ಕಾಯಿಲೆಗೆ ಹಬ್ಬ ಹುಣ್ಣಿಮೆ ಗೊತ್ತಿಲ್ಲ ಯಜಮಾನ್ರೇ."

ಉತ್ತರ ಸಿಗದಿದ್ದಾಗ ಗಂಡಸು ಟವಲು ಕೊಡವುತ್ತಾನೆ. ಪುಟ್ಟಸ್ವಾಮಿಯೂ ಕೊಡವಿ ಹೆಗಲಿಗೆ ಹಾಕಿ ಎದ್ದ. "ಓದುದವ್ರ ಮಾತು ಓದುದವ್ರಿಗ ಚೆಂದ ಕಣ್ರವ್ವ. ಊರಲ್ಲಿ ಬಾಳೋರು ನಾವು."

ಬಾಗಿಲವರೆಗೆ ಬಂದ ಮುದ್ದಮ್ಮನಿಗೆ ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದರು: "ಅಮ್ಮಾ, ಕಾನೂನಿದೆ, ಕಾಗದ ಬರೀಬಹುದು, ಪೊಲೀಸರಿಗೂ ಹೇಳಬಹುದು. ಆದರೆ ಆ ಹೊತ್ತಿಗೆ ಹಸು ಪಕ್ಕ ಇರೋರು ನೀವು. ನೀವು ಒಂದು ಮಾತು ಬೇಡ ಅನ್ನಿ."

"ನನ್ ಮಾತ ಯಾರು ಕೇಳಾರವ್ವ?"

"ಚುಕ್ಕಿ ಕೇಳುತ್ತಲ್ಲ," ಎಂದು ನಕ್ಕು ಅವರು ಸ್ಕೂಟರ್ ಹತ್ತಿದರು.

ಸಮಾಧಾನಕ್ಕೆಂದು ಆಡಿದ ಮಾತು. ಆದರೆ ಮುದ್ದಮ್ಮನ ಹೆದರಿಕೆಯೇ ಅದಾಗಿತ್ತು. ಚುಕ್ಕಿ ಕೇಳುತ್ತದೆ. ಕರೆದರೆ ಬರುತ್ತದೆ. ಬೆಂಕಿಯಾಚೆ ನಿಂತು ಕೆಮ್ಮಿದರೂ ಸಾಕು, ತನ್ನನ್ನೇ ಕರೆದಳೆಂದು ಬಂದುಬಿಡುತ್ತದೆ.

ತೇಜಸ್ವಿನಿ ಸುಮ್ಮನೆ ಕೂರುವವರ ಪೈಕಿಯಲ್ಲ. ನರಸೀಪುರದ ಹುಡುಗಿ, ಬಿ.ಎ. ಓದಿದವಳು, ಮಾತು ಕಡಿಮೆ, ಹಟ ಜಾಸ್ತಿ. "ಪೊಲೀಸ್‌ಗೊಂದು ಫೋನ್ ಮಾಡುದ್ರೆ ಮುಗೀತಲ್ಲ," ಎಂದ ಗಂಡ ಮಹದೇವ. "ಮಾಡಬಹುದು. ಈ ವರ್ಷ ನಿಲ್ಲುತ್ತೆ, ಬರೋ ವರ್ಷ ನಾಲೆ ಆಚೆ ಮಾಡ್ತಾರೆ. ಮೊದಲು ಬಾಯಲ್ಲಿ ಕೇಳೋಣ," ಎಂದಳು ಅವಳು. ಮಹದೇವ ಅಪ್ಪನ ಹತ್ತಿರ ಒಮ್ಮೆ ಬಾಯಿ ತೆರೆದ. "ನಿನ್ ಮದ್ವೇಲಿ ಈ ಊರು ನಮ್ಮನ್ನ ಯಾಕ ಮೊದ್ಲು ಕೂರುಸ್ತು ಗೊತ್ತೇನ್ಲಾ? ಮೊದಲ ಕಿಚ್ಚಿನ ಮನೆ ಅಂತ!" ಎಂದು ಅಪ್ಪ ಗದರಿದ್ದೇ ತಡ, ಮಗ ಪಾಳಿ ಇದೆಯೆಂದು ಬೈಕು ಹತ್ತಿದ.

ತೇಜಸ್ವಿನಿ ಭಾಷಣ ಮಾಡಲಿಲ್ಲ. ದಿನಾ ಬೆಳಿಗ್ಗೆ ಡೇರಿಗೆ ಹಾಲು ತರುವ ನಲವತ್ತು ಹೆಂಗಸರಲ್ಲಿ ಒಬ್ಬೊಬ್ಬರಿಗೂ, ಹಾಲು ಅಳೆಯುತ್ತಲೇ, ಒಂದೇ ಒಂದು ಪ್ರಶ್ನೆ ಹಾಕಿದಳು: "ಹೋದ ವರ್ಷ ಕಿಚ್ಚಾಯ್ಸಿದ ಮೇಲೆ ನಿಮ್ಮ ಹಸ ಎಷ್ಟು ದಿನ ಹಾಲು ಕಮ್ಮಿ ಕೊಡ್ತು?" ಮೊದಲ ದಿನ ಎಲ್ಲರೂ ನಕ್ಕರು. ಎರಡನೆಯ ದಿನ ಒಬ್ಬಳು ನೆನಪು ಮಾಡಿಕೊಂಡಳು: ಹಬ್ಬದ ಮಾರನೆಯ ದಿನ ತನ್ನ ಹಸು ಕಂದು ಹಾಕಿತ್ತು, ದೃಷ್ಟಿ ಬಿತ್ತೆಂದು ಮೆಣಸಿನಕಾಯಿ ನೀವಾಳಿಸಿದ್ದಳು. ಇನ್ನೊಬ್ಬಳ ಎತ್ತಿಗೆ ಗೊರಸಿನ ಸಂದಿ ಸುಟ್ಟು ಹುಳು ಬಿದ್ದಿತ್ತು. ಮತ್ತೊಬ್ಬಳ ಹಸು ಆಮೇಲೆ ಒಲೆಯ ಹೊಗೆ ಕಂಡರೂ ಹಗ್ಗ ಕಿತ್ತುಕೊಳ್ಳುತ್ತಿತ್ತು. ಎಲ್ಲರೂ ತಮ್ಮ ತಮ್ಮ ಮನೆಯ ಗ್ರಹಚಾರವೆಂದು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಸಂಗತಿ ಅದು. ಹಾಲಿನ ಕ್ಯಾನುಗಳ ನಡುವೆ ಅದೆಲ್ಲ ಒಂದೊಂದಾಗಿ ಹೊರಗೆ ಬಂತು.

"ನಾವೇನು ಮಾಡಾಕಾದದು? ಗಂಡಸ್ರು ಕೇಳಾರಾ?" ಎಂದರು.

"ಜಗಳ ಮಾಡಬೇಡಿ. ದನದ ಮೈ ತೊಳೀರಿ, ಆರತಿ ಎತ್ತಿ, ಬಾಳೆಹಣ್ಣು ಬೆಲ್ಲ ತಿನ್ನಿಸಿ. ಕಿಚ್ಚಿಗೆ ಅಂತ ಮನೆಗೊಂದು ಹೊರೆ ಹುಲ್ಲು ಕೊಡ್ತೀರಲ್ಲ, ಅದನ್ನ ಕೊಡಬೇಡಿ. ಅಷ್ಟೇ."

ಕೆಲವರು ಹೂಂ ಎಂದರು, ಕೆಲವರು ಮುಖ ತಿರುಗಿಸಿದರು. ಮಂಚಮ್ಮ ಎರಡನ್ನೂ ಮಾಡಲಿಲ್ಲ. ಮಂಚಮ್ಮನೆಂದರೆ ರುದ್ರೇಶನ ತಾಯಿ. ರುದ್ರೇಶನೆಂದರೆ ಈ ಊರಿನ ಹಬ್ಬದ ಯಜಮಾನಿಕೆ ಹೊತ್ತವನು, ಉಳಲು ಅಲ್ಲ, ನಾಲ್ಕು ಜನರಿಗೆ ತೋರಿಸಲೆಂದೇ ಜೋಡಿ ಹಳ್ಳಿಕಾರ್ ಎತ್ತು ಕಟ್ಟಿದವನು. "ನನ್ ಮಗನ್ಗ ಏಳಾಕ ಓದ್ರ ನನ್ನೇ ಕಿಚ್ಚಾಯ್ಸಾನು," ಎಂದಷ್ಟೇ ಹೇಳಿ ಮುದುಕಿ ಕ್ಯಾನು ಎತ್ತಿಕೊಂಡು ಹೋದಳು.

ಈ ಗುಸುಗುಸು ರುದ್ರೇಶನ ಕಿವಿಗೂ ಬಿತ್ತು. ಅವನು ಪುಟ್ಟಸ್ವಾಮಿಯ ಜಗಲಿಗೆ ಬಂದು ಬಲು ವಿನಯದಿಂದ ಕೂತ.

"ದೊಡ್ಡಪ್ಪ, ನಿಮ್ಗ ತೊಂದ್ರ ಆದ್ರ ಏಳ್ಬುಡಿ. ಡಾಕ್ಟ್ರಮ್ಮ ಬಂದಿದ್ರಂತ, ಸೊಸೆವ್ವ ಡೇರೀಲಿ ಎಂಗಸರ್ಗ ಪಾಠ ಮಾಡ್ತಾಳಂತ. ಮೊದಲ ಕಿಚ್ಚ ನಮ್ಮ ಎತ್ತೇ ದಾಟ್ಲಿ. ಮರ್ಯಾದಿ ಉಳಿಸ್ಕಳಾಕಾಗ್ದಿದ್ರ ಕೊಡೋದ್ರಲ್ಲಿ ತಪ್ಪೇನಿಲ್ಲ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು ಅವನು. ಪುಟ್ಟಸ್ವಾಮಿಯ ಕುತ್ತಿಗೆಯ ನರ ಉಬ್ಬಿತು. "ನಾ ಬದುಕಿರೋಗಂಟ ನನ್ ಮನೆ ದನವೇ ಮೊದ್ಲು. ಓಗ್ಲಾ, ಉಲ್ಲು ಆಕ್ಸು," ಎಂದ. ಒಳಗೆ ರೊಟ್ಟಿ ತಟ್ಟುತ್ತಿದ್ದ ಮುದ್ದಮ್ಮನ ರೊಟ್ಟಿ ಹೊತ್ತಿಹೋಯಿತು.

ಅಂದಿನಿಂದ ಅವಳಿಗೆ ದಿನ ಎಣಿಸುವುದೇ ಕೆಲಸ. ಚುಕ್ಕಿಯ ಪಕ್ಕೆಗೆ ಅಂಗೈ ಇಟ್ಟರೆ ಒಳಗಿನ ಕರು ಒದೆಯುತ್ತಿತ್ತು. ಒದ್ದಾಗಲೆಲ್ಲ ಸಂತೋಷವೂ ಆಗಿ, ಆ ಸಂತೋಷಕ್ಕೇ ಹೆದರಿಕೆಯೂ ಆಗುತ್ತಿತ್ತು. ಹಬ್ಬದ ಹೊತ್ತಿಗೆ ಇದಕ್ಕೊಂದು ಸಣ್ಣ ಜ್ವರ ಬರಲಪ್ಪಾ ನಂಜುಂಡಪ್ಪ ಎಂದು ಬೇಡಿಕೊಂಡಳು. ಮರುಗಳಿಗೆಯೇ ತಪ್ಪಾಯಿತೆಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ತನಗೇ ಜ್ವರ ಬಂದು ಮಲಗಿದರೆ? ಆಗ ಸೊಸೆಯನ್ನು ಆಚೆ ನಿಲ್ಲಿಸುತ್ತಾರೆ. ಚುಕ್ಕಿಯನ್ನು ತಮ್ಮನ ಮನೆಗೆ ಹೊಡೆದುಕೊಂಡು ಹೋಗಿಬಿಟ್ಟರೆ? ತುಂಬಿದ ಹೊಟ್ಟೆಯಲ್ಲಿ ಆರು ಮೈಲಿ ನಡೆಸುವುದೂ ಹಿಂಸೆಯೇ. ಯಾವ ಕಡೆ ತಿರುಗಿದರೂ ಗೋಡೆ. ಗಂಡ ಹೊಡೆಯುವವನಲ್ಲ, ಮಾತು ಬಿಡುವವನು. ಒಮ್ಮೆ ನಾಲ್ಕು ತಿಂಗಳು ಮಾತು ಬಿಟ್ಟಿದ್ದ.

ಹಬ್ಬ ಬಂದೇ ಬಂತು. ಬೆಳಿಗ್ಗೆ ನಾಲೆಯಲ್ಲಿ ಚುಕ್ಕಿಯ ಮೈ ತೊಳೆದರು. ಪುಟ್ಟಸ್ವಾಮಿ ತಾನೇ ಕೂತು ಕೊಂಬಿಗೆ ಕೆಂಪು ಬಣ್ಣ ಹಚ್ಚಿದ, ಕೊರಳಿಗೆ ಗೆಜ್ಜೆ ಕಟ್ಟಿದ. ತೇಜಸ್ವಿನಿ ಎಳ್ಳು ಬೀರಲು ಮನೆಮನೆಗೂ ಹೋದಳು; ಹೋದಲ್ಲೆಲ್ಲ ಹುಲ್ಲಿನ ಮಾತು ನೆನಪಿಸಿ ಬಂದಳು. ಹೊತ್ತು ಇಳಿಯುತ್ತಿದ್ದಂತೆ ತಮಟೆ ಶುರುವಾಯಿತು.

ಮಾರಮ್ಮನ ಗುಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಮನೆಮನೆಯಿಂದ ಬರಬೇಕಿದ್ದ ಹುಲ್ಲು ಕಾಲುಪಾಲೂ ಬಂದಿರಲಿಲ್ಲ. ರುದ್ರೇಶ ಗೊಣಗುತ್ತ ತನ್ನ ಕಣದಿಂದಲೇ ಹೊರೆ ತರಿಸಿ, ಸ್ವಲ್ಪವನ್ನು ಬೀದಿಗೆ ಅಡ್ಡ ಹರಡಿಸಿ, ಉಳಿದದ್ದನ್ನು ಗುಡಿಯ ಮಗ್ಗುಲಲ್ಲಿ ಒಟ್ಟಿಸಿದ್ದ. ಬಲೂನು ಕಟ್ಟಿಸಿಕೊಂಡ ಅವನ ಎತ್ತುಗಳು ಹಿಂದೆ ಕಾದಿದ್ದವು. ಬೆಂಕಿ ಇಟ್ಟರು. ಒಣಹುಲ್ಲು ಚಟಪಟನೆ ಹೊತ್ತಿ ಆಳೆತ್ತರ ಎದ್ದಿತು.

ಪುಟ್ಟಸ್ವಾಮಿ ಬೂಸದ ಬಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. "ಓಗು, ಆ ಕಡೆ ನಿಂತ್ಕ. ಈ ಸಲ ಅಳಬ್ಯಾಡ."

ಮುದ್ದಮ್ಮ ಬಕೆಟ್ ಹಿಡಿದು ಮೂರು ಹೆಜ್ಜೆ ಇಟ್ಟಳು. ಹಿಂದೆ ಗೆಜ್ಜೆಯ ಸದ್ದಾಯಿತು. ತಿರುಗಿ ನೋಡಿದರೆ ಚುಕ್ಕಿಯೂ ಮೂರು ಹೆಜ್ಜೆ ಇಟ್ಟಿತ್ತು. ಅವಳಿನ್ನೂ ಕರೆದಿರಲೇ ಇಲ್ಲ.

ಅಲ್ಲಿಗೆ ಅವಳಿಗೆ ಸಾಕಾಯಿತು. ಹಿಂದಿರುಗಿ ಬಂದು ಬಕೆಟ್ಟನ್ನು ಗಂಡನ ಕೈಗೇ ಇಟ್ಟಳು.

"ನಾ ಓಗಕಿಲ್ಲ."

"ಏನಂದೆ?"

"ಓಗಕಿಲ್ಲ ಅಂದಿ. ಓದ್ ವರ್ಷ ನಾ ಕರ್ದಿ. ನನ್ ನಂಬ್ಕಂಡು ಬೆಂಕಿ ಒಳಕ್ಕ ಬಂದ್ಲು ಕೆಂಪಿ. ಎತ್ತವ್ವನೇ ಕರುದ್ರ ಕೂಸು ಬಾವಿಗಾದ್ರೂ ಬೀಳ್ದೇ ಇದ್ದದಾ?" 

"ಲೇ, ಜನದ ಮುಂದ ಮಾನ ಕಳೀಬ್ಯಾಡ."

"ಕಳ್ಯಕಿಲ್ಲ. ಕಿಚ್ಚು ನಿಮ್ಮದು, ಮರ್ಯಾದಿ ನಿಮ್ಮದು. ಈ ಸಲ ನೀವೇ ಕರೀರಿ. ನಿಮ್ ಮಾತ್ಗ ಬಂದ್ರ ಕರ್ಕಂಡೋಗ್ರಿ, ನಾ ತಡ್ಯಕಿಲ್ಲ."

ಅವಳ ಮಾತು ಇಡೀ ಬೀದಿಗೆ ಕೇಳಿಸಿತು. ಮನೆಯೊಳಗೆ ದಿನಕ್ಕೆ ಹತ್ತು ಮಾತಾಡದವಳು ಬೀದಿಯಲ್ಲಿ ಇಷ್ಟು ಮಾತಾಡಿದ್ದನ್ನು ಕೇಳಿ ತಮಟೆಯವನ ಕೈಯೂ ನಿಂತಿತು. ಪುಟ್ಟಸ್ವಾಮಿ ಒಂದು ಗಳಿಗೆ ಹೆಂಡತಿಯನ್ನೂ ಒಂದು ಗಳಿಗೆ ಬಕೆಟ್ಟನ್ನೂ ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಬೇರೆ ಏನೋ ಹಾದುಹೋಯಿತು. ಆಮೇಲೆ ಬೆಂಕಿಯನ್ನು ಬಳಸಿಕೊಂಡು ಆಚೆ ಹೋಗಿ ನಿಂತ.

"ಬಾ ಚುಕ್ಕೀ," ಎಂದು ಕರೆದ.

ಮುದ್ದಮ್ಮ ಚುಕ್ಕಿಯ ಕೊರಳಿಂದ ಕೈ ತೆಗೆದಳು. ತಡೆಯುವುದಿಲ್ಲ ಎಂದವಳು ಹೇಗೆ ಹಿಡಿಯಲಿ? ಬೂಸದ ವಾಸನೆಗೆ ಹೊರಟುಬಿಟ್ಟರೆ?

"ಬಾ... ಬಾ ಚುಕ್ಕೀ... ಬಾ ಅಂದ್ರ!"

ಚುಕ್ಕಿ ಕಿವಿ ಆಡಿಸಿತು. ಬೆಂಕಿಯನ್ನು ನೋಡಿತು. ಆಮೇಲೆ ಕತ್ತು ತಿರುಗಿಸಿ ಮುದ್ದಮ್ಮನ ಕಂಕುಳಿಗೆ ಮೂತಿ ತುರುಕಿ ನಿಂತುಬಿಟ್ಟಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಚೆ ಪುಟ್ಟಸ್ವಾಮಿ ಕರೆಯುತ್ತಲೇ ಇದ್ದ, ಕರೆಯುತ್ತ ಕರೆಯುತ್ತ ದನಿ ಸಣ್ಣದಾಯಿತು. ಹುಲ್ಲಿನ ಬೆಂಕಿ ಎಷ್ಟು ಹೊತ್ತು? ಉರಿ ಮೊಣಕಾಲಿಗೆ ಇಳಿಯಿತು, ಹಿಮ್ಮಡಿಗೆ ಇಳಿಯಿತು, ಬೂದಿಯಾಯಿತು.

ರುದ್ರೇಶ ಕಾದದ್ದೇ ಇದಕ್ಕೆ. "ಸರಿ ಬುಡಿ ದೊಡ್ಡಪ್ಪ, ಆಯ್ತು ನಿಮ್ಮ ಕಾಲ. ಲೇ, ಉಲ್ಲು ಆಕ್ರುಲಾ! ನಮ್ಮ ಎತ್ತು ದಾಟ್ಲಿ!"

ಹುಲ್ಲು ಎತ್ತಲು ಹೋದವರು ಹಾಗೇ ನಿಂತರು. ಒಟ್ಟಿದ ಹೊರೆಗಳ ಮೇಲೆ ಮಂಚಮ್ಮ ಕಾಲು ಚಾಚಿಕೊಂಡು ಕೂತಿದ್ದಳು.

"ಏಳವ್ವ ಮ್ಯಾಕ್ಕ," ಎಂದ ಮಗ.

"ಏಳಕಿಲ್ಲ. ಎರಡು ಮಂಡಿ ನೋವ್ನಲ್ಲಿ ನಾ ಕುಯ್ದು ತಂದ ಉಲ್ಲು ಕಣ್ಲಾ ಇದು. ದನ ತಿನ್ನಾಕ ತಂದಿ, ದನ ಸುಡಾಕಲ್ಲ."

"ಅವ್ವಾ, ಊರೆಲ್ಲ ನೋಡ್ತಾ ಅದ."

"ನೋಡ್ಲಿ. ನಿನ್ ಎತ್ತಿನ ಗೊರಸ್ಗ ಒಂದು ತಿಂಗ್ಳು ಬೇವಿನೆಣ್ಣೆ ಬುಟ್ಟೋಳು ಯಾರು? ನೀನಾ? ಊರಾ?"

ರುದ್ರೇಶ ಸುತ್ತ ನೋಡಿದ. ಡೇರಿಯಲ್ಲಿ ಹೂಂ ಎಂದವರಲ್ಲಿ ಇಬ್ಬರು ಬಂದು ಮಂಚಮ್ಮನ ಪಕ್ಕ ಕೂತರು. ಹೂಂ ಎನ್ನದೆ ಮುಖ ತಿರುಗಿಸಿದ್ದ ಒಬ್ಬಳೂ ಬಂದಳು. ಹೆತ್ತ ತಾಯಿಯ ರಟ್ಟೆ ಹಿಡಿದು ಎಳೆಯುವಷ್ಟು ಕೆಟ್ಟವನಲ್ಲ ಅವನು. "ಬರೋ ವರ್ಷ ನೋಡ್ಕತೀನಿ," ಎಂದು ಗಾಳಿಗೆ ಬೈದು ಎತ್ತುಗಳನ್ನು ಬಿಚ್ಚಿಸಿಕೊಂಡು ಹೋದ. ಅಂದು ಅರಳಿಹುಂಡಿಯಲ್ಲಿ ಒಂದು ದನವೂ ಕಿಚ್ಚು ದಾಟಲಿಲ್ಲ.

ಗೆದ್ದೆನೆಂದು ಮುದ್ದಮ್ಮನಿಗೆ ಅನ್ನಿಸಲಿಲ್ಲ. ಚುಕ್ಕಿಯನ್ನು ಕೊಟ್ಟಿಗೆಗೆ ಕಟ್ಟಿ, ಕೊಂಬಿನ ಬಣ್ಣ ಒರೆಸಿ, ಮನೆಯೊಳಗೆ ಹೋಗಲು ಧೈರ್ಯ ಸಾಲದೆ ಅಲ್ಲೇ ನಿಂತಳು. ಜಗಲಿಯ ಮೇಲೆ ಪುಟ್ಟಸ್ವಾಮಿ ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಇನ್ನೆಷ್ಟು ತಿಂಗಳು ಮಾತು ಬಿಡುತ್ತಾನೋ ಎಂದು ಅವಳು ಲೆಕ್ಕ ಹಾಕುತ್ತಿದ್ದಾಗ ಅವನೇ ಎದ್ದು ಬಕೆಟ್ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಕೆಂಪೀನ ಮಾರ್ದ ದಿನ ಅದು ಗಾಡಿ ಮ್ಯಾಲ ಅತ್ನಿಲ್ಲ," ಎಂದ.

ಮುದ್ದಮ್ಮ ತಿರುಗಿ ನೋಡಲಿಲ್ಲ.

"ತಕ್ಕಂಡೋನು ಏಳ್ದ, 'ಯಜಮಾನ, ನಿನ್ನ ಅಸ ಅಲ್ವಾ, ಒಂದ್ ಸಲ ಕರಿ, ಅತ್ತದ' ಅಂತ. ಕರ್ದಿ. ನನ್ ಕಡೀಕ ತಿರುಗೂ ನೋಡ್ನಿಲ್ಲ ಅದು. ಕೊನೀಗ ಬಾಲ ಮುರುದು ಅತ್ತುಸುದ್ರು. ಅತ್ತುದ್ ಮ್ಯಾಲೂ ಕತ್ತು ಈಚ್ಗಾಕಂಡು ಸಂತೆ ಜನದೊಳ್ಗ ಉಡುಕ್ತಿತ್ತು. ಗಾಡಿ ತಿರುಗೋಗಂಟ ಉಡುಕ್ತು." ಅವನು ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನಿನ್ನ ಉಡುಕ್ತಿತ್ತು ಕಣ ಅದು."

ಇಷ್ಟು ತಿಂಗಳು ಕೇಳಲು ಹೆದರಿದ್ದ ಉತ್ತರ ಬಂದಿತ್ತು. ಮುದ್ದಮ್ಮ ಎಮ್ಮೆಯ ಗೋದಲಿಯ ಅಂಚಿಗೆ ಕುಸಿದು ಕೂತು, ಸೆರಗು ಬಾಯಿಗೆ ಅಡ್ಡ ಹಿಡಿಯದೆ, ದನಿ ತೆಗೆದು ಅತ್ತಳು. ಒಳಗಿನಿಂದ ಓಡಿ ಬಂದ ತೇಜಸ್ವಿನಿ ಮಾವನನ್ನು ಕಂಡು ಬಾಗಿಲಲ್ಲೇ ನಿಂತಳು. ಪುಟ್ಟಸ್ವಾಮಿ ಏನೂ ತೋಚದೆ ಒಳಗೆ ಬಂದು ಬಕೆಟ್ಟನ್ನು ಚುಕ್ಕಿಯ ಮುಂದೆ ಹಿಡಿದ. ಚುಕ್ಕಿ ಮೂಸಿ, ಬಾಯಿ ಹಾಕದೆ ಹಿಂದಕ್ಕೆ ಸರಿಯಿತು.

ಅಳು ನಿಂತ ಮೇಲೆ ಮುದ್ದಮ್ಮ ಮೂಗು ಒರೆಸಿಕೊಂಡು ಎದ್ದಳು.

"ಅದು ತಣ್ಣಗಾಗ್ಬುಟ್ಟದ. ತಿನ್ನಕಿಲ್ಲ ಅವ್ಳು," ಎಂದಳು. "ಕೈ ತೊಳ್ಕಂಡು ಬನ್ರಿ. ಬೂಸ ಎಂಗ ಕಲ್ಸೋದು ಅಂತ ತೋರುಸ್ತೀನಿ."